17 ವರ್ಷ ಆದರೆ ನನ್ನ ರಿಸಲ್ಟ್ ನಾನೇ ಕೇಳಬಾರದಾ?

ಇಎಂಟಿ ಪರೀಕ್ಷೆ ಬರೆದು ಇವತ್ತಿಗೆ 12 ದಿನ. ನನ್ನ ಜೊತೆ ಅದೇ ವಾರ ಬರೆದವರಿಗೆಲ್ಲ ಮಾರನೇ ದಿನವೋ ಅದರ ಮಾರನೇ ದಿನವೋ ರಿಸಲ್ಟ್ ಬಂದಿದೆ. ನನ್ನ ಅಕೌಂಟ್ ತೆರೆದರೆ ಮಾತ್ರ ಒಂದೇ ಸಾಲು. ತಡೆಹಿಡಿಯಲಾಗಿದೆ. ಯಾಕೆ ಅಂತ ಇಲ್ಲ, ಎಷ್ಟು ದಿನ ಅಂತ ಇಲ್ಲ, ಯಾರನ್ನು ಕೇಳಬೇಕು ಅಂತಲೂ ಇಲ್ಲ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನ್ ನೋಡುತ್ತೇನೆ, ಸ್ಕೂಲಲ್ಲಿ ಪ್ರತಿ ಪೀರಿಯಡ್ ಮುಗಿದಾಗ ನೋಡುತ್ತೇನೆ, ರಾತ್ರಿ ಮಲಗುವಾಗ ಆಫೀಸು ಮುಚ್ಚಿದೆ ಅಂತ ಗೊತ್ತಿದ್ದೂ ನೋಡುತ್ತೇನೆ. ಸಾಕಾಗಿ ಹೋಗಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಎಂಟಿ ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಇಲ್ಲಿ ಅಮೆರಿಕದಲ್ಲಿ 911ಕ್ಕೆ ಫೋನ್ ಮಾಡಿದಾಗ ಆಂಬುಲೆನ್ಸ್‌ನಲ್ಲಿ ಬರುತ್ತಾರಲ್ಲ, ಅವರು. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಆದರೆ ಉಸಿರು ನಿಂತವರಿಗೆ ಮೊದಲು ಕೈ ಹಚ್ಚುವವರು ಎಷ್ಟೋ ಸಲ ಇವರೇ. ಮಿದುಳಿಗೆ ಆಕ್ಸಿಜನ್ ಹೋಗದೆ ನಾಲ್ಕರಿಂದ ಆರು ನಿಮಿಷ ಆದರೆ ಹಾನಿ ಶುರುವಾಗುತ್ತದೆ ಅಂತ ನಮಗೆ ಮೊದಲ ವಾರವೇ ಹೇಳಿಕೊಟ್ಟರು. ಒಂದೊಂದು ನಿಮಿಷಕ್ಕೂ ಬೆಲೆ ಇದೆ ಅಂತ ಕಲಿಸುವ ಕೆಲಸ ಇದು. ಅದೇ ಕೆಲಸದ ಪರೀಕ್ಷೆಗೆ ಉತ್ತರ ಕೊಡಲು ಇವರಿಗೆ 12 ದಿನ ಸಾಲುತ್ತಿಲ್ಲ.

ಕೋರ್ಸ್‌ಗೆ ಸೇರಿದಾಗ ನನಗೆ 16 ತುಂಬಿ ಕೆಲವು ತಿಂಗಳಾಗಿತ್ತು. ವಾರದಲ್ಲಿ ಎರಡು ಸಂಜೆ, ಜೊತೆಗೆ ಶನಿವಾರ ಇಡೀ ದಿನ. ಸ್ಕೂಲ್ ಮುಗಿಸಿ ಬ್ಯಾಗ್ ಬದಲಿಸಿಕೊಂಡು ಓಡುತ್ತಿದ್ದೆ, ಅಪ್ಪ ರಾತ್ರಿ ಹತ್ತಕ್ಕೆ ಕರೆದುಕೊಂಡು ಹೋಗಲು ಬರುತ್ತಿದ್ದರು, ಕಾರಲ್ಲೇ ಊಟ, ಮನೆಗೆ ಬಂದು ಸ್ಕೂಲಿನ ಹೋಮ್‌ವರ್ಕ್. ಐದು ತಿಂಗಳು ಹೀಗೇ. ಸೇರುವ ದಿನವೇ ನನ್ನ ಹುಟ್ಟಿದ ತಾರೀಖು ಬರೆದುಕೊಂಡರು. ಅಮ್ಮನ ಕೈಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ವಯಸ್ಸು ತೊಂದರೆ ಆಗಬಹುದು ಅಂತ ಒಬ್ಬರೂ ಒಂದು ಮಾತು ಹೇಳಲಿಲ್ಲ. ಫೀಸು ತೆಗೆದುಕೊಳ್ಳುವಾಗ ನನ್ನ ವಯಸ್ಸು ಯಾರಿಗೂ ಅಡ್ಡ ಬರಲಿಲ್ಲ.

ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಕಲಿಯಲು ಗೊಂಬೆಯ ಎದೆ ಒತ್ತುವಾಗಲೂ ಅಡ್ಡ ಬರಲಿಲ್ಲ. ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120, 30 ಸಲ ಒತ್ತಿ ಎರಡು ಉಸಿರು. ಎರಡು ನಿಮಿಷ ಸರಿಯಾಗಿ ಒತ್ತಿದರೆ ತೋಳು ಬಿದ್ದು ಹೋಗುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ. ನಿನಗೆ 16, ನೀನು 4 ಸೆಂಟಿಮೀಟರ್ ಒತ್ತಿದರೆ ಸಾಕು ಅಂತ ಯಾರೂ ರಿಯಾಯಿತಿ ಕೊಡಲಿಲ್ಲ. ಕೊಡಬಾರದು ಕೂಡ. ಎದೆ ನೋವಿನವರಿಗೆ ಆಸ್ಪಿರಿನ್ ಎಷ್ಟು, ಯಾರಿಗೆ ಕೊಡಬಾರದು, ರಕ್ತ ಚಿಮ್ಮುತ್ತಿರುವ ಕಾಲಿಗೆ ರಕ್ತ ನಿಲ್ಲಿಸುವ ಬಿಗಿ ಪಟ್ಟಿ, ಅಂದರೆ ಟೂರ್ನಿಕೆ, ಎಲ್ಲಿ ಕಟ್ಟಬೇಕು, ಕಟ್ಟಿದ ಹೊತ್ತು ಯಾಕೆ ಬರೆದಿಡಬೇಕು, ಎಲ್ಲ ಕಲಿತೆ. ನನ್ನ ಪಕ್ಕ ಕೂರುತ್ತಿದ್ದವರಿಗೆ ಎಷ್ಟು ಕಲಿಸಿದರೋ ನನಗೂ ಅಷ್ಟೇ.

ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋಗುವ ಪಾಳಿಯೂ ಇತ್ತು. ಒಂದು ರಾತ್ರಿ ಉಸಿರಾಟದ ತೊಂದರೆ ಇದ್ದ ವಯಸ್ಸಾದ ಹೆಂಗಸೊಬ್ಬರ ಮನೆಗೆ ಹೋದೆವು. ನಾನು ಬಿಪಿ ನೋಡಿದೆ, ಉಸಿರು ಎಣಿಸಿದೆ. ಆಸ್ಪತ್ರೆ ತಲುಪುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ಇಳಿಸುವಾಗ ಮಾಸ್ಕ್ ಸರಿಸಿ ಥ್ಯಾಂಕ್ಸ್ ಅಂದರು. ನಿನಗೆ ಎಷ್ಟು ವಯಸ್ಸು ಅಂತ ಅವರು ಕೇಳಲಿಲ್ಲ. ಆ ರಾತ್ರಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ, ನನಗೆ ಇದೇ ಕೆಲಸ ಬೇಕು ಅಂತ. ಇವತ್ತಿಗೂ ಅದೇ ಹೇಳುತ್ತೇನೆ, ಅದಕ್ಕೇ ಇಷ್ಟು ಉರಿಯುತ್ತಿರುವುದು.

ಈಗ ಪರೀಕ್ಷೆಯ ವಿಷಯ. ಇದು ಕಂಪ್ಯೂಟರ್ ಪರೀಕ್ಷೆ, ಎರಡು ಗಂಟೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ನೀವು ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ಹಿಂದಿನ ಪ್ರಶ್ನೆಗೆ ವಾಪಸ್ ಹೋಗುವಂತಿಲ್ಲ. ಕಡಿಮೆ ಅಂದರೆ 70 ಪ್ರಶ್ನೆ, ಜಾಸ್ತಿ ಅಂದರೆ 120. ಇವಳು ಪಾಸೋ ಫೇಲೋ ಅಂತ ಕಂಪ್ಯೂಟರ್‌ಗೆ ಖಾತ್ರಿ ಆದ ತಕ್ಷಣ ಪರೀಕ್ಷೆ ತಾನಾಗೇ ನಿಂತು ಹೋಗುತ್ತದೆ. ನನ್ನದು 74ಕ್ಕೆ ನಿಂತಿತು. ಅಂದರೆ ತುಂಬಾ ಚೆನ್ನಾಗಿ ಮಾಡಿರಬಹುದು, ಇಲ್ಲಾ ತುಂಬಾ ಕೆಟ್ಟದಾಗಿ ಮಾಡಿರಬಹುದು. ಮಧ್ಯದ್ದು ಇಲ್ಲವೇ ಇಲ್ಲ. ಈ ಎರಡರಲ್ಲಿ ಯಾವುದು ಅನ್ನೋದು ಒಂದು ಯಂತ್ರಕ್ಕೆ ಅವತ್ತೇ, ಅದೇ ಕ್ಷಣದಲ್ಲೇ ಗೊತ್ತಾಗಿದೆ. ನನಗೆ ಗೊತ್ತಿಲ್ಲ. ಉತ್ತರ ರೆಡಿ ಇದೆ, ಎಲ್ಲೋ ಕೂತಿದೆ, ನನಗೆ ತೋರಿಸುತ್ತಿಲ್ಲ ಅಷ್ಟೇ.

ಮೊದಲ ಎರಡು ದಿನ ಸುಮ್ನಿದ್ದೆ. ಮೂರನೇ ದಿನ ಪರೀಕ್ಷೆ ನಡೆಸುವವರ ಆಫೀಸಿಗೆ ಫೋನ್ ಮಾಡಿದೆ. ಹುಟ್ಟಿದ ತಾರೀಖು ಕೇಳಿದರು, ಹೇಳಿದೆ. ನಿನಗಿನ್ನೂ 18 ಆಗಿಲ್ಲ, ನಿನ್ನ ಜೊತೆ ಇದನ್ನು ಮಾತಾಡುವಂತಿಲ್ಲ, ಅಪ್ಪನೋ ಅಮ್ಮನೋ ಫೋನ್ ಮಾಡಲಿ ಅಂದರು. ಸರಿ. ಅಮ್ಮ ಆಫೀಸಿನ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. 40 ನಿಮಿಷ ಕಾಯಿಸಿದರು, ಅವಳ ಊಟ ಹಾಗೇ ಉಳಿಯಿತು. ಕೊನೆಗೆ ಒಬ್ಬರು ಸಿಕ್ಕಿ ಏನು ಹೇಳಿದರು ಗೊತ್ತಾ? ಈ ಅಕೌಂಟ್ ನಿಮ್ಮದಲ್ಲ, ಯಾರ ಅಕೌಂಟೋ ಅವರ ಜೊತೆ ಮಾತ್ರ ಮಾತಾಡುತ್ತೇವೆ ಅಂತ!

ನಾನು ಫೋನ್ ಮಾಡಿದರೆ ನಾನು ಚಿಕ್ಕವಳು. ಅಮ್ಮ ಮಾಡಿದರೆ ಅಮ್ಮ ಹೊರಗಿನವಳು. ಹಾಗಾದರೆ ನನ್ನ ರಿಸಲ್ಟ್ ಬಗ್ಗೆ ಕೇಳುವ ಹಕ್ಕು ಈ ಭೂಮಿ ಮೇಲೆ ಯಾರಿಗೆ ಇದೆ?

ಮಾರನೇ ದಿನ ಸಂಜೆ ಇಬ್ಬರೂ ಒಟ್ಟಿಗೆ ಕೂತು, ಸ್ಪೀಕರ್ ಹಾಕಿ ಮಾಡಿದೆವು. ಇಬ್ಬರೂ ಇದ್ದೀವಿ, ಈಗ ಹೇಳಿ ಅಂದೆವು. ಇಮೇಲ್ ಹಾಕಿ ಅಂದರು. ಹಾಕಿದೆವು. 5ರಿಂದ 7 ಕೆಲಸದ ದಿನ ಬೇಕು ಅಂತ ಯಂತ್ರದ ಉತ್ತರ ಬಂತು. ನಾನು ಅಷ್ಟು ದಿನ ಸುಮ್ಮನೆ ಕೂರಲಿಲ್ಲ, ಕೋರ್ಸಿನ ಆಫೀಸಿಗೆ ಹೋದೆ. ನಿನ್ನ ಕಾಗದ ಎಲ್ಲ ಯಾವಾಗಲೋ ಕಳಿಸಿದ್ದೀವಿ, ಅವರನ್ನೇ ಕೇಳು ಅಂದರು. ಅವರನ್ನು ಕೇಳಿದರೆ ಕೋರ್ಸಿನವರನ್ನು ಕೇಳು ಅಂತಾರೆ. ಚೆಂಡಿನ ಹಾಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ.

ಮೊನ್ನೆ ಕೊನೆಗೂ ಒಬ್ಬರು, ನಿಜವಾಗಲೂ ಒಳ್ಳೆಯವರು, ಸ್ಕ್ರೀನ್ ನೋಡಿ ಕಾರಣ ಹೇಳಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಹೆಂಗಸಿನ ಕೊನೆಯ ಹೆಸರೂ ನನ್ನ ಕೊನೆಯ ಹೆಸರೂ ಬೇರೆ ಬೇರೆ ಇದೆಯಂತೆ. ಅವರು ನನ್ನ ತಾಯಿ ಅನ್ನುವುದಕ್ಕೆ ಪುರಾವೆ ಇಲ್ಲವಂತೆ. ಅದಕ್ಕೇ ತಡೆ.

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ನಮ್ಮಲ್ಲಿ ಹೆಸರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ? ಅಮ್ಮನ ಹೆಸರಿನ ಜೊತೆ ತಾತನ ಹೆಸರಿದೆ. ನನ್ನ ಹೆಸರಿನ ಜೊತೆ ಅಪ್ಪನ ಹೆಸರಿದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಕೊನೆಯ ಹೆಸರಾಯಿತು. ನಮ್ಮ ಮನೆಯಲ್ಲಿ ಮೂರು ಜನ, ಮೂವರಿಗೂ ಮೂರು ಕೊನೆಯ ಹೆಸರು. ಇಷ್ಟು ವರ್ಷ ಸ್ಕೂಲಿಗೆ, ಬ್ಯಾಂಕಿಗೆ, ದಂತವೈದ್ಯರಿಗೆ ಹೇಳಿ ಹೇಳಿ ಅಭ್ಯಾಸ ಆಗಿದೆ. ಒಂದೊಂದು ಅಕ್ಷರ ಬಿಡಿಸಿ ಹೇಳಿ, ಹೌದು ಇವಳು ನನ್ನ ಮಗಳೇ ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ! ಈ ಸಲ ಫೋನ್ ಇಟ್ಟ ಮೇಲೆ ಅವಳು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಬಿಟ್ಟಳು. ನನ್ನಿಂದಾನೇ ನಿನಗೆ ತಡ ಆಯ್ತಲ್ಲ ಪುಟ್ಟಿ ಅಂದಳು. ಅದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವಳದೇನು ತಪ್ಪು? ಐದು ತಿಂಗಳ ಹಿಂದೆಯೇ ಆ ಪತ್ರ ಅವರ ಕೈಯಲ್ಲಿತ್ತು. ಹೆಸರು ಬೇರೆ ಇದೆ, ಹುಟ್ಟಿದ ಪ್ರಮಾಣಪತ್ರ ತನ್ನಿ ಅಂತ ಅವತ್ತೇ ಹೇಳಿದ್ದರೆ ಅವತ್ತೇ ಕೊಡುತ್ತಿದ್ದೆವು. ಪರೀಕ್ಷೆಗೆ ತಾರೀಖು ಕೊಡುವಾಗ ಹೇಳಬಹುದಿತ್ತು. ಪರೀಕ್ಷೆ ಕೋಣೆಯ ಬಾಗಿಲಲ್ಲಿ ನನ್ನ ಗುರುತಿನ ಚೀಟಿ ನೋಡಿ, ಫೋಟೋ ತೆಗೆದು, ಜೇಬು ತೋರಿಸು ಅಂದರಲ್ಲ, ಆಗಲಾದರೂ ಹೇಳಬಹುದಿತ್ತು. ಎಲ್ಲ ಮುಗಿದು, ನಾನು ಉಗುರು ಕಚ್ಚುತ್ತಾ ಹತ್ತು ದಿನ ಕೂತ ಮೇಲೆ, ಅದೂ ನಾವೇ ಹಿಂದೆ ಬಿದ್ದು ಕೇಳಿದ ಮೇಲೆ ಹೇಳುವುದಾ?

18 ಆದವರಿಗೆ ಈ ಪತ್ರವೇ ಬೇಡ. ನನ್ನ ಬ್ಯಾಚಿನಲ್ಲಿ 24ರವರಿದ್ದರು, ಎರಡು ಮಕ್ಕಳ ಅಪ್ಪ ಒಬ್ಬರಿದ್ದರು. ನಾನೂ ಅವರೂ ಒಟ್ಟಿಗೆ ಓದಿದ್ದು, ಎಷ್ಟೋ ಸಲ ಉಸಿರಾಟದ ಪಾಠ ನಾನೇ ಅವರಿಗೆ ಹೇಳಿಕೊಟ್ಟಿದ್ದು. ಅವರಿಗೆಲ್ಲ ಪಾಸ್ ಅಂತ ಬಂದಾಗ ಗ್ರೂಪಿನಲ್ಲಿ ಅಭಿನಂದನೆ ಹಾಕಿದೆ. ಮನಸ್ಸಿನಿಂದಲೇ ಹಾಕಿದೆ. ನಿಂದೇನಾಯ್ತು ಅಂತ ಎಲ್ಲರೂ ಕೇಳಿದರು. ಏನಂತ ಹೇಳಲಿ? ಫೇಲ್ ಆಗಿ ಮುಚ್ಚಿಡುತ್ತಿದ್ದಾಳೆ ಅಂತ ಒಂದಿಬ್ಬರು ಅಂದುಕೊಂಡಿದ್ದಾರೆ. ಅವರು ಬಾಯಿಬಿಟ್ಟು ಹೇಳಿಲ್ಲ, ಆದರೆ ನನಗೆ ಗೊತ್ತಾಗುತ್ತದೆ.

ಚಿಕ್ಕವರಿಗೆ ಈ ಕೆಲಸ ಯಾಕೆ, ಕಾಯಲಿ ಬಿಡು ಅಂತ ಹೇಳುವವರೂ ಇದ್ದಾರೆ. ಮನೆಗೆ ಬಂದಿದ್ದ ಅಂಕಲ್ ಒಬ್ಬರು ಹಾಗೇ ಅಂದರು. ಅವರಿಗೆ ಡೇರಿಯನ್ ಗೊತ್ತಿಲ್ಲ. ಕನೆಕ್ಟಿಕಟ್ ರಾಜ್ಯದ ಊರು ಅದು. ಅಲ್ಲಿ ಪೋಸ್ಟ್ 53 ಅಂತ ಒಂದು ಆಂಬುಲೆನ್ಸ್ ಸೇವೆ ಇದೆ, 1970ರಿಂದ ನಡೆಯುತ್ತಿದೆ, ಹೈಸ್ಕೂಲ್ ಮಕ್ಕಳೇ ಅದರ ಬೆನ್ನೆಲುಬು. ಆ ರಾಜ್ಯದಲ್ಲಿ 16ಕ್ಕೇ ಇಎಂಟಿ ಆಗಬಹುದು. ದೊಡ್ಡವರು ಜೊತೆಗಿರುತ್ತಾರೆ, ಆದರೆ ಪೇಷಂಟ್ ಹತ್ತಿರ ಕೂತು ನೋಡಿಕೊಳ್ಳುವುದು ಆ ಮಕ್ಕಳೂ ಹೌದು. ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದು ಊರು ತನ್ನ ಜೀವವನ್ನು ಹೈಸ್ಕೂಲ್ ಮಕ್ಕಳ ಕೈಗೆ ಕೊಟ್ಟಿದೆ.

ಇನ್ನೂ ಹಿಂದೆ ಹೋದರೆ ಪಿಟ್ಸ್‌ಬರ್ಗ್‌ನ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ. 1967ರಲ್ಲಿ ಶುರುವಾಗಿದ್ದು. ಆ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಅಂದರೆ ಪೊಲೀಸ್ ಗಾಡಿ, ಇಲ್ಲವಾದರೆ ಶವ ಸಾಗಿಸುವವರ ಗಾಡಿ. ಪೇಷಂಟ್‌ಗಳನ್ನು ಎತ್ತಿ ಹಾಕಿಕೊಂಡು ಓಡುತ್ತಿದ್ದರು ಅಷ್ಟೇ. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡ ಬಡಾವಣೆಯ ಕಪ್ಪು ಜನರಿಗೆ, ಎಲ್ಲೂ ಕೆಲಸ ಸಿಗದೆ ಇದ್ದವರಿಗೆ, ಡಾಕ್ಟರ್ ಪೀಟರ್ ಸಫಾರ್ ತಿಂಗಳುಗಟ್ಟಲೆ ತರಬೇತಿ ಕೊಡಿಸಿದರು. ಸಿಪಿಆರ್ ಅನ್ನು ರೂಪಿಸಿದವರಲ್ಲಿ ಅವರೂ ಒಬ್ಬರು, 1966ರಲ್ಲಿ ಆಸ್ತಮಾದಿಂದ ಮಗಳನ್ನು ಕಳೆದುಕೊಂಡಿದ್ದವರು. ಇವರ ಕೈಲಿ ಏನಾಗುತ್ತದೆ ಅಂತ ಊರು ತಳ್ಳಿಹಾಕಿದ್ದ ಜನರೇ ದೇಶಕ್ಕೆ ದಾರಿ ತೋರಿಸಿದರು. 1975ರಲ್ಲಿ ಆ ಸೇವೆಯನ್ನು ಮುಚ್ಚಿದರು, ಅದು ಇನ್ನೊಂದು ದುಃಖದ ಕಥೆ. ಕ್ಲಾಸಿನಲ್ಲಿ ಅವರ ಬಗ್ಗೆ ಕೇಳಿದ ದಿನ ನನಗೆ ರೋಮಾಂಚನ ಆಗಿತ್ತು. ಈ ಕೆಲಸದಲ್ಲಿ ನೋಡಬೇಕಾದದ್ದು ನಿನಗೆ ಕೆಲಸ ಬರುತ್ತದಾ ಇಲ್ಲವಾ ಅನ್ನೋದನ್ನು ಮಾತ್ರ ಅಂತ ಅವತ್ತು ಅಂದುಕೊಂಡಿದ್ದೆ.

ವಯಸ್ಸಿನ ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ ಇದೆ, ಇರಲಿ. ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂದರೆ ನೂರು ಸಲ ತರುತ್ತೇನೆ. ಆದರೆ ಮೊದಲೇ ಹೇಳಿ. ಏನು ಕಾಗದ ಬೇಕು, ಹೆಸರು ಹೊಂದದಿದ್ದರೆ ಏನು ಮಾಡಬೇಕು, ಯಾರ ಜೊತೆ ಮಾತಾಡುತ್ತೀರಿ, ಇಷ್ಟು ಬರೆದು ಕೊಡಲು ಒಂದು ಪುಟ ಸಾಕು. ಮತ್ತೆ ತಡೆಹಿಡಿದಾಗ ಯಾಕೆ ತಡೆಹಿಡಿದಿರಿ ಅಂತ ಒಂದು ಸಾಲು ಹಾಕಿ. ಒಂದೇ ಒಂದು ಸಾಲು.

ಕಾಯುವುದು ಅಂದರೆ ಸುಮ್ಮನೆ ಕೂರುವುದು ಅಂತ ತಿಳಿದಿದ್ದಾರೆ ಇವರು. ನಾನು ಮತ್ತೆ ಓದಬೇಕಾ ಬೇಡವಾ? ಫೇಲ್ ಆಗಿದ್ದರೆ 15 ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಫೇಲ್ ಅಂತ ಗೊತ್ತಾಗದೆ ಮತ್ತೆ ತಾರೀಖು ತೆಗೆದುಕೊಳ್ಳುವುದು ಹೇಗೆ? ಪಾಸ್ ಆಗಿದ್ದರೆ ಬೇಸಿಗೆ ರಜೆಗೆ ಸ್ವಯಂಸೇವಕರ ಆಂಬುಲೆನ್ಸ್ ತಂಡ ಸೇರಬೇಕು. ಅವರು ಶುಕ್ರವಾರದ ತನಕ ನನ್ನ ಹೆಸರು ಇಟ್ಟುಕೊಳ್ಳುತ್ತೇವೆ ಅಂದಿದ್ದಾರೆ. ಆಮೇಲೆ ಪಾಳಿಯ ಪಟ್ಟಿ ಮುಚ್ಚುತ್ತದೆ, ನನ್ನ ಜಾಗ ಬೇರೆಯವರಿಗೆ ಹೋಗುತ್ತದೆ. ಅವರ ತಪ್ಪಲ್ಲ, ಆಂಬುಲೆನ್ಸ್ ಖಾಲಿ ನಿಲ್ಲಿಸಲು ಆಗುವುದಿಲ್ಲ. ಇವತ್ತು ಬುಧವಾರ.

ಪುಸ್ತಕ ಮೇಜಿನ ಮೇಲೇ ಇದೆ. ರಾತ್ರಿ ನಿದ್ದೆ ಬರದೆ ತೆರೆಯುತ್ತೇನೆ, ಪರೀಕ್ಷೆಯಲ್ಲಿ ನೆನಪಿರುವ ಒಂದು ಪ್ರಶ್ನೆಯ ಉತ್ತರ ಹುಡುಕುತ್ತೇನೆ. ಸರಿ ಸಿಕ್ಕರೆ ಸ್ವಲ್ಪ ಹೊತ್ತು ಸಮಾಧಾನ. ತಪ್ಪು ಅಂತ ಗೊತ್ತಾದರೆ ಬೆಳಗಾಗುವವರೆಗೂ ಅದೇ. ನಿನ್ನೆ ಅಪ್ಪ ಬಂದು ಪುಸ್ತಕ ಮುಚ್ಚಿ ದೀಪ ಆರಿಸಿದರು. ಏನೂ ಹೇಳಲಿಲ್ಲ.

ನನ್ನ ಹುಟ್ಟಿದ ಪ್ರಮಾಣಪತ್ರ ಬೀರುವಿನಲ್ಲಿ ಸಿಕ್ಕಿದೆ. ಅದರಲ್ಲಿ ಅಮ್ಮನ ಹೆಸರು ಕನ್ನಡದಲ್ಲೂ ಇದೆ, ಇಂಗ್ಲಿಷಲ್ಲೂ ಇದೆ. ಸ್ಕ್ಯಾನ್ ಮಾಡಿ, ಇಬ್ಬರ ಪಾಸ್‌ಪೋರ್ಟ್ ಜೊತೆ ಸೇರಿಸಿ ಕಳಿಸಿದ್ದೇನೆ. ತಲುಪಿದೆ ಅಂತ ಮತ್ತೆ ಅದೇ ಯಂತ್ರದ ಉತ್ತರ ಬಂದಿದೆ, ಮತ್ತೆ ಅದೇ 5ರಿಂದ 7 ದಿನ. ನಾಳೆ ಬೆಳಗ್ಗೆ ಎಂಟಕ್ಕೆ ಅವರ ಫೋನ್ ಲೈನ್ ತೆರೆಯುತ್ತದೆ. ಅಮ್ಮ ಅರ್ಧ ದಿನ ರಜೆ ಹಾಕಿದ್ದಾಳೆ, ನಾನು ಮೊದಲ ಎರಡು ಪೀರಿಯಡ್‌ಗೆ ಬರುವುದಿಲ್ಲ ಅಂತ ಸ್ಕೂಲಿಗೆ ಹೇಳಿದ್ದೇನೆ. ಎಂಟಕ್ಕೆ ಐದು ನಿಮಿಷ ಇರುವಾಗಲೇ ಇಬ್ಬರೂ ಫೋನ್ ಮುಂದೆ ಕೂರುತ್ತೇವೆ. ಪಾಸೋ ಫೇಲೋ, ಅದನ್ನು ಕೇಳದೆ ನಾಳೆ ಫೋನ್ ಇಡುವುದಿಲ್ಲ.