ಮೂರೆಕರೆ ಬಯಲು, ಊರ ತುಂಬ ಎಂಜಿನಿಯರ್‌ಗಳು

ಹಾಸನ ಜಿಲ್ಲೆಯಲ್ಲಿ ಜಮೀನಿದೆ ಅಂದರೆ ಸಾಕು, ಬೆಂಗಳೂರಿನ ಗೆಳೆಯರು ಕಾಫಿ, ಮಂಜು, ಜುಳುಜುಳು ಹಳ್ಳ ಅಂತ ಕಣ್ಣರಳಿಸುತ್ತಾರೆ. ಅದು ಸಕಲೇಶಪುರ ಸ್ವಾಮಿ. ನಮ್ಮದು ಅರಸೀಕೆರೆ ಸೀಮೆ. ಅಲ್ಲಿ 2000 ಮಿಲಿಮೀಟರ್ ದಾಟಿ ಸುರಿಯುವ ಮಳೆ ನಮ್ಮಲ್ಲಿ ಅದರ ಮೂರನೇ ಒಂದು ಪಾಲು ಬಿದ್ದರೆ ಆ ವರ್ಷ ಊರಿನವರೆಲ್ಲ ನಗುನಗುತ್ತಾ ಇರುತ್ತಾರೆ. ಒಬ್ಬ ಗೆಳೆಯನಂತೂ ಪ್ರೀತಿಯಿಂದ ಏಲಕ್ಕಿ ಸಸಿ ಕಳಿಸಿಕೊಟ್ಟಿದ್ದ. ಅಮ್ಮ ಅದನ್ನು ಬಚ್ಚಲ ನೀರು ಹೋಗುವ ಕಡೆ ನೆಟ್ಟು ಬಂದ ನೆಂಟರಿಗೆಲ್ಲ ತೋರಿಸುತ್ತಾಳೆ.

ಜಮೀನು ಮೂರು ಎಕರೆ. ಒಂದು ಬೇವಿನ ಮರ ಬಿಟ್ಟರೆ ಕಣ್ಣು ಹಾಯಿಸಿದಷ್ಟೂ ಬಟ್ಟ ಬಯಲು. ಅಲ್ಲಿ ಪರ್ಮಾಕಲ್ಚರ್, ಅಂದರೆ ಕಾಡಿನ ಹಾಗೆ ತನ್ನಷ್ಟಕ್ಕೆ ತಾನು ನಡೆಯುವ ತೋಟ ಕಟ್ಟುವ ಪದ್ಧತಿಯಲ್ಲಿ ಮನೆ, ತೋಟ, ಹೊಂಡ ಎಲ್ಲ ಎಲ್ಲೆಲ್ಲಿ ಬರಬೇಕು ಅಂತ ಡ್ರಾಯಿಂಗ್ ಹಾಳೆ ತುಂಬ ನಕ್ಷೆ ಬರೆದೆ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಕಟ್ಟಿದ ಲೆಕ್ಕಾಚಾರ ಇದು. ಮನೆ ಸೊನ್ನೆಯ ವಲಯ. ದಿನಾ ಕೈಯಾಡಿಸುವ ಸೊಪ್ಪು, ಕರಿಬೇವು ಒಂದನೆಯದು. ಕೋಳಿ, ಹಣ್ಣಿನ ಗಿಡ ಎರಡನೆಯದು. ಆಮೇಲೆ ಹೊಲ, ಸೌದೆ, ಮೇವು. ಕೊನೆಗೆ ಐದನೆಯದು, ಯಾರೂ ಮುಟ್ಟದೆ ಕಾಡಿಗೆ ಬಿಟ್ಟ ಜಾಗ. ಎಷ್ಟು ಸಲ ಕಾಲಿಡುತ್ತೀರಿ ಅನ್ನುವುದೇ ಇಲ್ಲಿ ಅಳತೆಗೋಲು.

ಇದನ್ನು ಅಮ್ಮನಿಗೆ ವಿವರಿಸಿದೆ. ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು. "ದಿನಾ ಹೋಗೋ ಜಾಗ ಹತ್ತಿರ, ಅಪರೂಪಕ್ಕೆ ಹೋಗೋ ಜಾಗ ದೂರ, ಅಷ್ಟೇ ಅಲ್ವಾ? ಹಂಗಾದ್ರೆ ನಿನ್ನ ಲೆಕ್ಕದಲ್ಲಿ ನನ್ನ ಅಡುಗೆಮನೆ ಐದನೇದು ಕಣಪ್ಪ" ಅಂದಳು.

ಅಲ್ಲಿಂದ ನಕ್ಷೆ ದೊಡ್ಡಪ್ಪನ ಕೈಗೆ ಹೋಯಿತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಹಾಳೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ, ಕೊನೆಗೆ ತಾವೇ ಅದರ ಸುತ್ತ ತಿರುಗಿ ಬಂದು ಪೂರ್ವ ಯಾವ ಕಡೆ ಅಂತ ಕೇಳಿದರು. ಹೊಂಡ ನೈಋತ್ಯದಲ್ಲಿ ಕಂಡಿದ್ದೇ ತಡ, ಮುಖ ಗಂಟಿಕ್ಕಿತು. ನೀರು ಈಶಾನ್ಯದಲ್ಲೇ ಇರಬೇಕಂತೆ. ನಮ್ಮ ಜಮೀನಿನ ಅತಿ ಎತ್ತರದ ಮೂಲೆ ಈಶಾನ್ಯ, ಅತಿ ತಗ್ಗು ನೈಋತ್ಯ, ನೀರಿಗೆ ವಾಸ್ತು ಗೊತ್ತಿಲ್ಲ ಅಂದೆ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ಆಗುತ್ತೆ ದೊಡ್ಡಪ್ಪ, ಅದರಲ್ಲಿ ಇಂಗದೆ ಹರಿಯೋದೆಲ್ಲ ಬರೋದು ತಗ್ಗಿಗೇ ಅಂತ ಲೆಕ್ಕವನ್ನೂ ಕೊಟ್ಟೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ನೈಋತ್ಯಕ್ಕೆ ಮಣ್ಣು ಹೊಡೆಸಿ ಎತ್ತರ ಮಾಡ್ಲಾ" ಅಂದರು. ಮೂರು ಎಕರೆಗೆ! ಎಷ್ಟು ಲೋಡು ಬೇಕಾಗಬಹುದು ಅಂತ ಬೆರಳು ಮಡಿಚಿ ಎಣಿಸುವುದಕ್ಕೂ ಶುರು ಮಾಡಿದ್ದರು.

ದಿಕ್ಕಿನ ವಿಷಯದಲ್ಲಿ ಟ್ಯಾಸ್ಮೇನಿಯಾದವರೂ ಕಮ್ಮಿಯಿಲ್ಲ. ಅವರಿಗೆ ಸೂರ್ಯ ಇರುವುದು ಉತ್ತರಕ್ಕೆ. ಅಲ್ಲಿ ಚಳಿ. ಹಾಗಾಗಿ ಆ ಕಡೆಯ ನಕ್ಷೆಗಳಲ್ಲಿ ಕಿಟಕಿಯೆಲ್ಲ ಉತ್ತರಕ್ಕೆ, ಬಿಸಿಲನ್ನು ಹಿಡಿದಿಟ್ಟುಕೊಳ್ಳುವುದೇ ದೊಡ್ಡ ಚಿಂತೆ. ನಾವು ಸುಮಾರು 13 ಡಿಗ್ರಿ ಅಕ್ಷಾಂಶದವರು. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿ ಆಗಸ್ಟ್‌ನಲ್ಲಿ ವಾಪಸ್ಸು ಬರುತ್ತಾನೆ, ಮಿಕ್ಕ ತಿಂಗಳೆಲ್ಲ ದಕ್ಷಿಣಕ್ಕೆ. ಬಿಸಿಲು ಹಿಡಿಯುವುದಿರಲಿ, ಇಲ್ಲಿ ಬಿಸಿಲನ್ನು ಓಡಿಸುವವರು ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ.

ಇನ್ನು ಮಟ್ಟ ಹಿಡಿಯುವ ಕೆಲಸ. ಮಳೆನೀರು ಹರಿದು ಓಡದೆ ನಿಂತು ಇಂಗಬೇಕಾದರೆ ಇಳಿಜಾರಿಗೆ ಅಡ್ಡಲಾಗಿ, ಉದ್ದಕ್ಕೂ ಒಂದೇ ಮಟ್ಟದಲ್ಲಿ ಟ್ರೆಂಚು ತೆಗೆಯಬೇಕು. ಮಟ್ಟ ಗುರುತಿಸುವುದಕ್ಕೆ ಮೂರು ಗಳು ಕಟ್ಟಿ ನಡುವೆ ದಾರದಲ್ಲಿ ಕಲ್ಲು ಇಳಿಬಿಟ್ಟ ಸಾಧನ ಇದೆ, ಖರ್ಚಿಲ್ಲದ್ದು, ಕೆಲಸಕ್ಕೆ ಒಳ್ಳೆಯದೇ. ಆದರೆ ನಮ್ಮ ಬಯಲಿನ ಗಾಳಿಗೆ ಆ ಕಲ್ಲು ಒಂದು ಗಳಿಗೆ ನೆಟ್ಟಗೆ ನಿಂತರೆ ಕೇಳಿ. ಕುರಿ ಬಿಟ್ಟುಕೊಂಡು ಬಂದಿದ್ದ ಹುಡುಗ ಬೇವಿನ ಮರದ ಕೆಳಗೆ ಕೂತು ಎಲ್ಲ ನೋಡಿ, "ಅಣ್ಣಾ, ನೀರು ಎಲ್ಲಿ ಐತೆ ಅಂತ ಅದು ಹೇಳುತ್ತಾ?" ಅಂದ. ತೆಂಗಿನಕಾಯಿ ಹಿಡಿದುಕೊಂಡು ಬೋರ್‌ವೆಲ್ ಪಾಯಿಂಟ್ ಹುಡುಕುವವರ ಸಾಲಿಗೆ ನನ್ನನ್ನೂ ಸೇರಿಸಿದ್ದ. ಕೊನೆಗೆ ಊರಿನ ಗಾರೆ ಮೇಸ್ತ್ರಿ ಪಾರದರ್ಶಕ ಪೈಪಿಗೆ ನೀರು ತುಂಬಿಸಿಕೊಂಡು ಬಂದು, ಬೀಡಿ ಕಚ್ಚಿಕೊಂಡೇ ಮಧ್ಯಾಹ್ನದೊಳಗೆ ಮಟ್ಟ ಹಿಡಿದುಕೊಟ್ಟ.

ಹಿಡಿದ ಮಟ್ಟದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದೆ. ನಿಜವಾದ ಗಲಾಟೆ ಶುರುವಾಗಿದ್ದು ಇಲ್ಲಿಂದ. ಅರಸೀಕೆರೆ ಸುತ್ತಮುತ್ತ ಈಗ ಖಾಲಿ ಜಮೀನಿನಲ್ಲಿ ಬಿಳಿ ಗೆರೆ ಬಿತ್ತು ಅಂದರೆ ಅದಕ್ಕೆ ಒಂದೇ ಅರ್ಥ. ಸಂಜೆಯೊಳಗೆ ಸೈಟ್ ಮಾಡ್ತಾವ್ರಂತೆ ಅಂತ ಸುದ್ದಿ ಹೋಟೆಲ್ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಒಬ್ಬರು ಬೈಕಿನಲ್ಲಿ ಬಂದು ತರ್ಟಿ ಫಾರ್ಟಿ ಎಷ್ಟು, ಮೂಲೆ ಸೈಟು ಬೇರೆ ರೇಟಾ, ಇ-ಖಾತಾ ಆಗುತ್ತಾ ಅಂತ ವಿಚಾರಿಸಿದರು. ಇದು ನೀರು ಇಂಗಿಸೋಕೆ ಅಂದರೆ ನಂಬಲಿಲ್ಲ. "ಮೊದಲು ಎಲ್ಲರೂ ಹಿಂಗೇ ಅನ್ನೋದು ಬಿಡಿ, ಆದ್ರೆ ಸರ್, ರಸ್ತೆ ಯಾಕೆ ಇಷ್ಟು ಸೊಟ್ಟ ಮಾಡಿದೀರಾ? ಕಾರು ತಿರುಗಲ್ಲ" ಅಂತ ಸಲಹೆ ಬೇರೆ. ಪಕ್ಕದ ಜಮೀನಿನ ಯಜಮಾನರಂತೂ ಸೀದಾ ಜಗಳಕ್ಕೇ ಬಂದರು. ನನ್ನ ಒಂದನೇ ವಲಯದ ಕೊತ್ತಂಬರಿ ಮಡಿಯ ನಡುವೆಯೇ ಅವರ ಕಾಲುದಾರಿ ಹಾದುಹೋಗುತ್ತಿತ್ತು. ಅವರಪ್ಪನ ಕಾಲದ ದಾರಿ, ಸೈಟ್ ಮಾಡಿ ಮುಚ್ಚೋಕೆ ನೀನ್ಯಾವನು, ಸರ್ವೆಯವರನ್ನ ಕರೆಸಿ ಹದ್ದುಬಸ್ತು ಮಾಡಿಸ್ತೀನಿ ಅಂತ ಟವೆಲ್ ಕೊಡವಿದರು. ಮಡಿಯನ್ನು ಆ ಕಡೆ ಸರಿಸಿದೆ. ಖಾಲಿ ಜಮೀನು ಅನ್ನುವುದು ಪಹಣಿಯಲ್ಲಿ ಮಾತ್ರ, ಅಲ್ಲಿ ಕುರಿಗೊಂದು ದಾರಿ, ನವಿಲಿಗೊಂದು ದಾರಿ, ಶಾಲೆ ಮಕ್ಕಳಿಗೊಂದು ಅಡ್ಡದಾರಿ ಆಗಲೇ ಇರುತ್ತೆ.

ಜೆಸಿಬಿ ಬಂತು. ಓಡಿಸುವ ಹುಡುಗನಿಗೆ ಗೆರೆ ತೋರಿಸಿ, ಇದರ ಮೇಲೇ ಹೋಗಪ್ಪ, ಬಗ್ಗಿದ ಕಡೆ ಬಗ್ಗಬೇಕು ಅಂತ ಹೇಳಿ ಟೀ ತರುವುದಕ್ಕೆ ಹೋದೆ. ಬರುವಷ್ಟರಲ್ಲಿ ಕೆಳಗಿನ ಟ್ರೆಂಚು ದಾರ ಹಿಡಿದ ಹಾಗೆ ನೇರವಾಗಿತ್ತು. ಹುಡುಗ ಸೀಟಿನಿಂದ ಇಳಿದು, "ಗೆರೆ ಹಾಕಿದೋರು ಸೊಟ್ಟಪಟ್ಟ ಹಾಕಿದ್ರು ಸರ್, ನಾನೇ ಸರಿ ಮಾಡಿದೆ" ಅಂದ. ಅದಕ್ಕೆ ಬಾಡಿಗೆಯನ್ನೂ ಜಾಸ್ತಿ ಕೇಳಲಿಲ್ಲ, ಪಾಪ.

ನೇರ ಅಂದರೆ ಮಟ್ಟ ಅಲ್ಲವಲ್ಲ. ಮಳೆ ಬಂದ ರಾತ್ರಿ ಮೇಲಿನ ಟ್ರೆಂಚುಗಳು ನೀರು ಹಿಡಿದು ಸುಮ್ನೆ ಕೂತಿದ್ದವು. ಕೆಳಗಿನದರಲ್ಲಿ ಮಾತ್ರ ನೀರೆಲ್ಲ ಒಂದೇ ಕಡೆಗೆ ಓಡಿ, ತುದಿಯಲ್ಲಿ ಒತ್ತಿ, ಬದು ಕಿತ್ತುಕೊಂಡು ಪಕ್ಕದ ಜಮೀನಿಗೆ ನುಗ್ಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಎತ್ತಿನಗಾಡಿ ಇಳಿಯುವಷ್ಟು ಅಗಲದ ಕೊರಕಲು. ಯಜಮಾನರು ಆಗಲೇ ಅಲ್ಲಿ ನಿಂತಿದ್ದರು, ಟವೆಲ್ ಹೆಗಲ ಮೇಲಿತ್ತು. ಹದ್ದುಬಸ್ತು ಈಗ ಗ್ಯಾರಂಟಿ ಅಂದುಕೊಂಡು, ಮಣ್ಣು ಹಾಕಿ ಇವತ್ತೇ ಮುಚ್ಚಿಸ್ತೀನಿ ಅಂತ ನಾನೇ ಮೊದಲು ಬಾಯಿಬಿಟ್ಟೆ.

"ಮುಚ್ಚೋದಾ? ಯಾಕಪ್ಪಾ?" ಅಂದರು. ಬಾ ಇಲ್ಲಿ ಅಂತ ಕರೆದುಕೊಂಡು ಹೋಗಿ ತೋರಿಸಿದರು. ತೋಡಿಸಿದಾಗಿನಿಂದ ಒಂದು ಸಲವೂ ತುಂಬದಿದ್ದ ಅವರ ಕೃಷಿಹೊಂಡ ಅಂಚಿನವರೆಗೂ ಕೆಂಪಗೆ ತುಂಬಿತ್ತು. ನನ್ನ ನೀರು, ನನ್ನ ಜೆಸಿಬಿ, ನನ್ನ ಡೀಸೆಲ್.

"ಆ ಹುಡುಗನ ಫೋನ್ ನಂಬರ್ ಇದ್ರೆ ಕೊಡು" ಅಂದರು. "ಹಿಟಾಚಿಯವರು, ಸರ್ವೆಯವರು ಎಲ್ಲಾರ್ನೂ ನೋಡಿದೀನಿ, ಅವನಷ್ಟು ನೀರಿನ ಜ್ಞಾನ ಇರೋನು ಸಿಕ್ಕಿರಲಿಲ್ಲ."