ಅದು ನಿದ್ದೆಯಲ್ಲ, ಉಸಿರು ನಿಲ್ಲುವ ಸದ್ದು

"ಏನೋ ತಗೊಂಡಿದ್ದಾನೆ, ಮಲಗಲಿ ಬಿಡಿ, ಬೆಳಿಗ್ಗೆ ಇಳಿಯುತ್ತೆ." ಇವತ್ತು ಕೊಡಗಿನ ಗೋಣಿಕೊಪ್ಪದಲ್ಲಿ ಈ ಮಾತು ಮತ್ತೆ ಕಿವಿಗೆ ಬಿತ್ತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಟಪೆಂಟಡಾಲ್ ಎಂಬ ನೋವಿನ ಮಾತ್ರೆ, ಮಾರ್ಫಿನ್, ಹೆರಾಯಿನ್ ಎಲ್ಲವೂ ಅಫೀಮಿನಂತೆಯೇ ಕೆಲಸ ಮಾಡುವಂಥವು. ಮಿತಿ ಮೀರಿದರೆ ಉಸಿರು ನಿಲ್ಲುತ್ತದೆ. ಗೊರಗೊರ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಎದೆಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿದರೂ ಏಳದ ಮನುಷ್ಯ: ಇವನನ್ನು ಬೆಳಿಗ್ಗೆವರೆಗೆ ಬಿಡುವಂತಿಲ್ಲ. ಆಮ್ಲಜನಕ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ಮಿದುಳು ಸಾಯತೊಡಗುತ್ತದೆ.

ಇದಕ್ಕೆ ನಲೋಕ್ಸೋನ್ ಎಂಬ ಮದ್ದಿದೆ. 1 ಮಿ.ಲೀ. ಆಂಪೂಲ್‌ನಲ್ಲಿ, ಅಂದರೆ ಗಾಜಿನ ಪುಟ್ಟ ಸೀಸೆಯಲ್ಲಿ, 400 ಮೈಕ್ರೋಗ್ರಾಂ. ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. 2-3 ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು. ಆದರೆ ಅದು ದೊಡ್ಡ ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಕುಟ್ಟದ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬಿದ್ದವನಿಗೆ ಏನು ಬಂತು? ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಮಗೂ ಗೊತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತೋಟದ ಡಿಸ್ಪೆನ್ಸರಿಯಲ್ಲಿ, ತರಬೇತಾದ ಮನೆಯವರ ಕೈಯಲ್ಲಿ ಇದು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಇದನ್ನು ಹೇಳಿದೆ. ಅಮೆರಿಕದಲ್ಲಿ 2023ರಿಂದ ಇದರ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿ ಇಲ್ಲದೆಯೇ ಕೊಳ್ಳಬಹುದು.

"ಮದ್ದಿದೆ ಅಂತ ಗೊತ್ತಾದರೆ ಇನ್ನೂ ಹೆಚ್ಚು ತಗೊಳ್ತಾರೆ" ಅನ್ನುವವರಿದ್ದಾರೆ. ನಲೋಕ್ಸೋನ್‌ನಿಂದ ಅಮಲೇರುವುದಿಲ್ಲ. ಏರಿದ್ದು ಒಮ್ಮೆಗೇ ಇಳಿದು ವಾಂತಿ, ನಡುಕ, ಮೈಕೈ ನೋವು ಹಿಡಿಯುತ್ತದೆ. ಆ ಸಂಕಟವನ್ನು ಯಾರೂ ಬಯಸಿ ತಂದುಕೊಳ್ಳುವುದಿಲ್ಲ.

ಮದ್ದು ಬರುವವರೆಗೆ? ಮೊದಲು 108ಕ್ಕೆ ಕರೆ. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, 5 ಸೆಕೆಂಡಿಗೊಮ್ಮೆ ಬಾಯಿಗೆ ಉಸಿರು ಕೊಡಿ. ತಾನೇ ಉಸಿರಾಡತೊಡಗಿದರೆ ಎಡಮಗ್ಗುಲಿಗೆ ಹೊರಳಿಸಿ. ಮಜ್ಜಿಗೆ, ನಿಂಬೆರಸ ದಯವಿಟ್ಟು ಹುಯ್ಯಬೇಡಿ. ಪ್ರಜ್ಞೆಯಿಲ್ಲದವನಿಗೆ ಅದು ಇಳಿಯುವುದು ಶ್ವಾಸಕೋಶಕ್ಕೆ.

ಆದರೂ ಕರೆ ಹೋಗುವುದಿಲ್ಲ. ಪೊಲೀಸರ ಭಯಕ್ಕೆ ಜೊತೆಗಿದ್ದವರು ಓಡುತ್ತಾರೆ, ಒಕ್ಕದ (ಮನೆತನದ) ಮರ್ಯಾದೆ ಎಂದು ಮನೆಯವರು ಬಾಗಿಲು ಹಾಕುತ್ತಾರೆ. ವ್ಯಸನಮುಕ್ತಿ ಕೇಂದ್ರದಿಂದ ಬಂದ ಹುಡುಗನ ಮೇಲೆ ಈ ನಾಚಿಕೆ ಇನ್ನೂ ಕ್ರೂರವಾಗಿ ಎರಗುತ್ತದೆ. ಬಿಟ್ಟು ತಿಂಗಳಾದ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ, ಅದೂ ಬೈಗುಳಕ್ಕೆ ಹೆದರಿ ಒಬ್ಬನೇ ಕೂತು, ಉಸಿರು ನಿಂತದ್ದು ಯಾರಿಗೂ ತಿಳಿಯುವುದಿಲ್ಲ. ಅವನನ್ನು "ಗಿರಾಕಿ" ಎಂದು ಕರೆಯುವುದನ್ನು ನಿಲ್ಲಿಸಿ, ಹೆಸರು ಹಿಡಿದು ಕರೆಯಿರಿ.

ಇನ್ನೊಂದು: ಎದ್ದು ಕೂತ ಎಂದು ಮನೆಗೆ ಕಳಿಸಬೇಡಿ. ನಲೋಕ್ಸೋನ್ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಮೈಯಲ್ಲಿ ಮಾತ್ರೆ ಇನ್ನೂ ಉಳಿದಿದ್ದರೆ ಉಸಿರು ಮತ್ತೆ ನಿಲ್ಲಬಹುದು. ಆಸ್ಪತ್ರೆಗೆ ಮುಟ್ಟುವವರೆಗೆ ಯಾರಾದರೂ ಪಕ್ಕದಲ್ಲೇ ಕೂತು ಅವನ ಎದೆ ಏರಿಳಿಯುವುದನ್ನು ನೋಡುತ್ತಿರಬೇಕು.