ಸರಣಿಗೆ ಕಾಸುಂಟು, ಹೀಟರಿಗಿಲ್ಲ

ಟಿವಿ ಲೈಸೆನ್ಸ್ ಕಟ್ಟಿ ಅಂತ ಮತ್ತೆ ಕಾಗದ ಬಂದಿದೆ. 160 ಯೂರೋ. 2008ರಿಂದ ದರ ಬದಲಾಗಿಲ್ಲ, ಬಯ್ಯುವ ಜನರೂ ಬದಲಾಗಿಲ್ಲ. ಐರ್ಲೆಂಡಿಗೆ ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಮನೆಯಲ್ಲಿ ಟಿವಿ ಇಟ್ಟುಕೊಳ್ಳೋಕೆ ಸರ್ಕಾರಕ್ಕೆ ದುಡ್ಡು ಕಟ್ಟಬೇಕಂತೆ, ಅದೂ ಪೋಸ್ಟಾಫೀಸಿನಲ್ಲಂತೆ! ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವರು ನಗಲೇ ಇಲ್ಲ. "ನಿಮ್ಮ ತಾತನೂ ರೇಡಿಯೊಗೆ ಕಟ್ತಿದ್ರಲ್ಲೋ, ಪೋಸ್ಟಾಫೀಸಿನಲ್ಲೇ" ಅಂದರು. ಸ್ಟಾಂಪು ಅಂಟಿಸಿ ಮೊಹರು ಒತ್ತಿದ ಆ ಪುಟ್ಟ ಪುಸ್ತಕ ಇನ್ನೂ ಟ್ರಂಕಿನಲ್ಲಿದೆಯಂತೆ. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಹೋದದ್ದು ಇಲ್ಲಿ ಇನ್ನೂ ಜೀವಂತವಾಗಿದೆ, ಅಷ್ಟೆ.

ಈ ದುಡ್ಡಿನ ಬಗ್ಗೆ, ಅದರಲ್ಲಿ ಊರಿನ ರೇಡಿಯೊಗಳಿಗೆ ಸಿಗುವ ಪಾಲಿನ ಬಗ್ಗೆ ಇವತ್ತು ಸ್ವಲ್ಪ ಉದ್ದಕ್ಕೇ ಬರೀತೀನಿ. ಪುರುಸೊತ್ತಿದ್ದವರು ಓದಿ.

ಲೈಸೆನ್ಸ್ ದುಡ್ಡಿನ ಬಹುಪಾಲು ಆರ್‌ಟಿಇಗೆ ಹೋಗುತ್ತೆ, ಅಂದರೆ ಇಲ್ಲಿನ ದೂರದರ್ಶನ-ಆಕಾಶವಾಣಿ ಎರಡೂ ಆಗಿರುವ ಸಂಸ್ಥೆಗೆ. ಆದರೆ ಶೇಕಡಾ 7ನ್ನು ಪಕ್ಕಕ್ಕೆ ತೆಗೆದಿಡಬೇಕು ಅಂತ 2009ರ ಪ್ರಸಾರ ಕಾಯ್ದೆ ಹೇಳುತ್ತೆ. 2003ರಲ್ಲಿ ಈ ಏರ್ಪಾಡು ಮೊದಲು ಬಂದಾಗ ಅದು ಶೇಕಡಾ 5 ಇತ್ತು. ಆ ಪಾಲಿನಿಂದ ಟಿವಿ, ರೇಡಿಯೊ ಕಾರ್ಯಕ್ರಮಗಳಿಗೆ ಸಹಾಯಧನ ಕೊಡುವ ಯೋಜನೆಯ ಹೆಸರು 'ಸೌಂಡ್ ಅಂಡ್ ವಿಷನ್'. ಅದನ್ನು ನಡೆಸುವುದು 2023ರ ಮಾರ್ಚಿನಲ್ಲಿ ಶುರುವಾದ ಮಾಧ್ಯಮ ಆಯೋಗ, ಐರಿಷ್ ಹೆಸರು ಕಮಿಶೂನ್ ನ ಮ್ಯಾನ್. ನಾನು ಕಟ್ಟುವ 160ರಲ್ಲಿ ಹೆಚ್ಚೆಂದರೆ 11 ಯೂರೋ ಆ ಡಬ್ಬಿಗೆ ಬೀಳುತ್ತೆ. ಆ 11ನ್ನೂ ಟಿವಿ, ರೇಡಿಯೊ ಹಂಚಿಕೊಳ್ಳಬೇಕು. ಟಿವಿ ಅಂದರೆ ಖರ್ಚು ಜಾಸ್ತಿ, ಹಾಗಾಗಿ ದೊಡ್ಡ ತುತ್ತು ಅದಕ್ಕೇ. ಮಿಕ್ಕಿದ್ದರಲ್ಲಿ ಊರೂರಿನ ರೇಡಿಯೊಗಳು ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು.

ಊರಿನ ರೇಡಿಯೊ ಅಂದರೆ ಇವರಿಗೆ ಏನು ಅನ್ನುವುದು ನನಗೆ ತಿಳಿಯೋಕೆ ಎರಡು ವರ್ಷ ಬೇಕಾಯ್ತು. ನಾನಿರುವುದು ದೇಶದ ಪಶ್ಚಿಮದಲ್ಲಿ, ಮೇಯೊ ಕೌಂಟಿಯಲ್ಲಿ. ಮಳೆ, ಕುರಿ, ಕಲ್ಲಿನ ಗೋಡೆ, ಮತ್ತೆ ಮಳೆ. ಕೆಲಸಕ್ಕೆ ಸೇರಿದ ಮೊದಲ ವಾರ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ರೇಡಿಯೊದಲ್ಲಿ ಹಾಡು ನಿಂತು ಗಂಭೀರ ದನಿಯೊಂದು ಹೆಸರುಗಳನ್ನು ಓದತೊಡಗಿತು. ಇಡೀ ಕೋಣೆ ಗಪ್‌ಚಿಪ್. ಇಂಥವರು, ಇಂಥ ಹಳ್ಳಿ, ಮೊದಲು ಇಂಥ ಹಳ್ಳಿಯವರು, ಇಂಥ ಕಡೆ ದರ್ಶನಕ್ಕೆ ಇಟ್ಟಿರುತ್ತಾರೆ, ಇಷ್ಟು ಗಂಟೆಗೆ ಚರ್ಚಿನಲ್ಲಿ ಪೂಜೆ, ಹೂವು ಮನೆಯವರದ್ದು ಮಾತ್ರ, ಉಳಿದವರು ಆ ದುಡ್ಡನ್ನು ಹಾಸ್ಪೀಸಿಗೆ, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಮನೆಗೆ ಕೊಡಿ. ದಿನಾ ಓದುತ್ತಾರೆ, ದಿನಕ್ಕೆ ಒಂದೇ ಸಲವೂ ಅಲ್ಲ. ನನಗೆ ವಿಚಿತ್ರ ಅನ್ನಿಸಿತು. ಸಾವಿನ ಸುದ್ದಿ ಕೇಳಿದರೆ ನಾವು ಸ್ನಾನ ಮಾಡೋ ಜನ, ಇವರು ಬಿಸ್ಕತ್ತು ಅದ್ದಿಕೊಂಡು ಕೇಳುತ್ತಾರೆ.

ಆಮೇಲೆ ಒಂದು ದಿನ ಆ ಪಟ್ಟಿಯಲ್ಲಿ ನನಗೆ ಗೊತ್ತಿರುವ ಹೆಸರು ಬಂತು, ಜೊತೆಯಲ್ಲಿ ಕೆಲಸ ಮಾಡುವವರೊಬ್ಬರ ತಾಯಿ. ಸಂಜೆ ಹೋದೆ. ಸಾಲು ಬೀದಿಯವರೆಗೂ ಇತ್ತು. ನನಗಿಂತ ಮುಂದೆ ನಿಂತಿದ್ದ ರೈತ ಆ ಅಜ್ಜಿಯನ್ನು ಕಂಡದ್ದು ಎರಡೇ ಸಲವಂತೆ, ಒಮ್ಮೆ ಅವರಿಂದ ಕರು ಕೊಂಡಾಗ, ಇನ್ನೊಮ್ಮೆ ಆ ಕರು ಸರಿಯಿಲ್ಲ ಅಂತ ಜಗಳಕ್ಕೆ ಹೋದಾಗ. ಆದರೂ ರೇಡಿಯೊದಲ್ಲಿ ಕೇಳಿದ ಮೇಲೆ ಬರದಿರೋಕೆ ಆಗುತ್ತಾ ಅಂದರು. ಆವತ್ತಿನಿಂದ ನಾನೂ ಬಿಸ್ಕತ್ತು ಅದ್ದಿಕೊಂಡೇ ಕೇಳುತ್ತೇನೆ.

ಇನ್ನೊಂದು, 2025ರ ಜನವರಿ 24, ಏಯೊವಿನ್ ಬಿರುಗಾಳಿ. ಗಂಟೆಗೆ 180 ಕಿಲೋಮೀಟರ್ ಮೀರಿ ಬೀಸಿ, 1945ರ ದಾಖಲೆ ಮುರಿದ ಗಾಳಿ ಅದು. ಮನೆ, ಅಂಗಡಿ, ಫ್ಯಾಕ್ಟರಿ ಎಲ್ಲಾ ಸೇರಿ 7,68,000 ಕಡೆ ಕರೆಂಟು ಹೋಯಿತು. ನಮ್ಮ ಪಶ್ಚಿಮದ ಕಡೆ ಎರಡು ವಾರ ಕತ್ತಲಲ್ಲಿ ಕೂತವರೂ ಇದ್ದರು. ಇಲ್ಲಿ ಹಳ್ಳಿ ಮನೆಗಳಿಗೆ ಸ್ವಂತ ಬೋರ್‌ವೆಲ್ಲು, ಕರೆಂಟು ಹೋದರೆ ಮೋಟರ್ ಇಲ್ಲ, ಮೋಟರ್ ಇಲ್ಲದಿದ್ದರೆ ನೀರಿಲ್ಲ. ಮೊಬೈಲ್ ಟವರುಗಳು ಒಂದೊಂದಾಗಿ ಮಲಗಿದವು. ಕೈಯಲ್ಲಿ ಇಪ್ಪತ್ತು ಆ್ಯಪ್ ಇರುವ ಫೋನು, ಉಪಯೋಗ ಮಾತ್ರ ಟಾರ್ಚಿಗೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಏನಾದರೂ ಬೇಕಾ ಅಂತ ಕೇಳೋಕೆ ಹೋದರೆ ಅವರೇ ನನ್ನನ್ನು ಕೂರಿಸಿಕೊಂಡರು. ಪೀಟ್ ಒಲೆ, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ ಸುಡುವ ಒಲೆ, ಉರಿಯುತ್ತಿತ್ತು. ಕಿಟಕಿ ಕಟ್ಟೆಯ ಮೇಲೆ ಆಂಟೆನಾಗೆ ಬ್ಯಾಂಡೇಜ್ ಪಟ್ಟಿ ಸುತ್ತಿದ ಹಳೇ ಬ್ಯಾಟರಿ ರೇಡಿಯೊ. ಯಾವ ಹಾಲ್‌ನಲ್ಲಿ ಬಿಸಿನೀರು ಸಿಗುತ್ತೆ, ಎಲ್ಲಿ ಫೋನ್ ಚಾರ್ಜ್ ಮಾಡಬಹುದು, ಯಾವ ರಸ್ತೆಗೆ ಮರ ಬಿದ್ದಿದೆ ಅಂತ ಅದು ಒಂದೇ ಸಮ ಹೇಳುತ್ತಿತ್ತು. ರಸ್ತೆಯ ಹೆಸರಲ್ಲ, "ಇಂಥವರ ಹಳೇ ಪಬ್ಬಿನ ತಿರುವಿನಲ್ಲಿ" ಅಂತ. ಡಬ್ಲಿನ್ನಿನಲ್ಲಿ ಕೂತವರಿಗೆ ಆ ತಿರುವು ಎಲ್ಲಿ ಗೊತ್ತಿರುತ್ತೆ?

ಈಗ ನನ್ನ ತಕರಾರಿಗೆ ಬರ್ತೀನಿ. ಈ ಎರಡು ಕೆಲಸಕ್ಕೂ ಆ ಶೇಕಡಾ 7ರಿಂದ ಒಂದು ಸೆಂಟೂ ಸಿಗಲ್ಲ.

ಸೌಂಡ್ ಅಂಡ್ ವಿಷನ್ ದುಡ್ಡು ಕೊಡುವುದು 'ಕಾರ್ಯಕ್ರಮ'ಕ್ಕೆ, ಸ್ಟೇಷನ್ನಿಗಲ್ಲ. ಹೊಸ ಕಾರ್ಯಕ್ರಮ ಆಗಿರಬೇಕು. ಐರಿಷ್ ಸಂಸ್ಕೃತಿ, ಪರಂಪರೆ, ಭಾಷೆ, ವಯಸ್ಕರ ಸಾಕ್ಷರತೆ, ಇಂಥ ವಿಷಯ ಇರಬೇಕು. ಸುದ್ದಿ ಮತ್ತು ವರ್ತಮಾನದ ಚರ್ಚೆ ಹೊರಗೆ. ಅತ್ತ ಪ್ರಸಾರ ಸಮಯದಲ್ಲಿ ಶೇಕಡಾ 20ರಷ್ಟು ಸುದ್ದಿ, ವರ್ತಮಾನಕ್ಕೆ ಮೀಸಲಿಡಿ ಅಂತ ಸ್ವತಂತ್ರ ರೇಡಿಯೊಗಳಿಗೆ ಕಾನೂನು ಹೇಳುತ್ತೆ. ಖಾಸಗಿ ರೇಡಿಯೊಗೆ ಬಾಗಿಲು ತೆರೆದ 1988ರ ಕಾಯ್ದೆಯಲ್ಲೇ ಇದ್ದ ಷರತ್ತು. ಮಾಡಲೇಬೇಕಾದ್ದಕ್ಕೆ ಕಾಸಿಲ್ಲ, ಕಾಸಿರುವುದು ಬೇರೆಯದಕ್ಕೆ. ಸೊಸೆಗೆ ಅಡುಗೆ ಮಾಡು ಅಂತ ಹೇಳಿ ದುಡ್ಡನ್ನು ರಂಗೋಲಿ ಪುಡಿಗೆ ಮಾತ್ರ ಕೊಟ್ಟ ಹಾಗೆ.

ನನಗೆ ಇದು ಹತ್ತಿರದಿಂದ ಗೊತ್ತಾದದ್ದು ಒಂದು ಸಮುದಾಯ ರೇಡಿಯೊದಲ್ಲಿ. ಯಾವುದು ಅಂತ ಬೇಡ. ಇವು ಕೌಂಟಿ ರೇಡಿಯೊಗಳಿಗಿಂತಲೂ ಚಿಕ್ಕವು, ಲಾಭಕ್ಕಲ್ಲದೆ ಊರಿನವರೇ ನಡೆಸುವಂಥವು. ಡಬ್ಲಿನ್ನಿನ ಕೂಲಾಕ್‌ನಲ್ಲಿ ನಿಯರ್ ಎಫ್‌ಎಂ, ಕಡಲಂಚಿನ ಲೆಟರ್‌ಫ್ರಾಕ್‌ನಲ್ಲಿ ಕನೆಮಾರಾ ಕಮ್ಯುನಿಟಿ ರೇಡಿಯೊ, ಹೀಗೆ ದೇಶದ ತುಂಬ ಇವೆ. ಯುಗಾದಿಗೆ ಒಂದು ಗಂಟೆ ಮಾತಾಡ್ತೀರಾ ಅಂತ ನನ್ನನ್ನು ಕರೆದಿದ್ದರು. ಮಾರ್ಚ್ ತಿಂಗಳು, ಸ್ಟುಡಿಯೊ ಒಳಗೆ ಹೊರಗಿಗಿಂತ ಚಳಿ. ಕೋಟು ಹಾಕಿಕೊಂಡೇ ಕೂತು ಬೇವು-ಬೆಲ್ಲ ಅಂದರೇನು ಅಂತ ಇಂಗ್ಲಿಷಿನಲ್ಲಿ ವಿವರಿಸಿದೆ. ಮೈಕಿನ ಮುಂದೆ ಬಾಯಿಂದ ಹಬೆ. ನಿರೂಪಕರು ನಿವೃತ್ತ ಮೇಷ್ಟ್ರು, ಸಂಬಳ ಇಲ್ಲ. ಹಾಡು ಹಾಕಿದಾಗ ಕೇಳಿದೆ, ಹೀಟರ್ ಯಾಕಿಲ್ಲ ಅಂತ. ಅವರು ನಕ್ಕು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಪೀಟ್ ಒಲೆಯ ಇತಿಹಾಸದ ಬಗ್ಗೆ ಆರು ಕಂತಿನ ಸರಣಿ ಮಾಡ್ತೀನಿ ಅಂದರೆ ದುಡ್ಡು ಸಿಗಬಹುದು. ಒಲೆಗೆ ಸಿಗಲ್ಲ."

ಸರಣಿ ಬೇಡ ಅಂತ ನಾನು ಹೇಳ್ತಿಲ್ಲ. ಆ ದುಡ್ಡಿನಿಂದ ಚೆನ್ನಾಗಿರುವ ಕಾರ್ಯಕ್ರಮಗಳು ಬಂದಿವೆ. ಮುದುಕರ ನೆನಪು, ಹಳೇ ಮೀನುಗಾರರ ಮಾತು, ಇವನ್ನೆಲ್ಲ ಯಾವ ಜಾಹೀರಾತುದಾರನೂ ಕಾಸು ಕೊಟ್ಟು ಮಾಡಿಸಲ್ಲ. ಆದರೆ ಅರ್ಜಿ ತುಂಬೋಕೇ ಒಬ್ಬ ಆಳು ಬೇಕು. ಬರೆಯೋಕೆ ಜನ ಇರುವ ಸ್ಟೇಷನ್ ಗೆಲ್ಲುತ್ತೆ. ಇಲ್ಲದ ಕಡೆ ಮೇಷ್ಟ್ರು ರಾತ್ರಿ ಕೂತು ಬಜೆಟ್ ಪಟ್ಟಿ ಹಾಕುತ್ತಾರೆ, ಆರು ತಿಂಗಳಾದ ಮೇಲೆ 'ವಿಷಾದಿಸುತ್ತೇವೆ' ಅಂತ ಮೇಲ್ ಬರುತ್ತೆ.

2023ರ ಜೂನಿನಲ್ಲಿ ಇನ್ನೊಂದು ಹೊಡೆತ ಬಿತ್ತು. ಆರ್‌ಟಿಇ ತನ್ನ ದೊಡ್ಡ ನಿರೂಪಕರೊಬ್ಬರಿಗೆ ಲೆಕ್ಕದಲ್ಲಿ ತೋರಿಸಿದ್ದಕ್ಕಿಂತ ಹೆಚ್ಚು ಕೊಟ್ಟಿತ್ತು ಅಂತ ಬಯಲಾಯಿತು. ಎಷ್ಟೋ ಜನ ಸಿಟ್ಟಾಗಿ ಲೈಸೆನ್ಸ್ ಕಟ್ಟುವುದನ್ನೇ ಬಿಟ್ಟರು. ಆರ್‌ಟಿಇಗೆ ಬಿದ್ದ ಖೋತಾ ತುಂಬೋಕೆ 2024ರಲ್ಲಿ ಸರ್ಕಾರ, ಲೈಸೆನ್ಸ್ ದುಡ್ಡೂ ಸೇರಿ, ಮೂರು ವರ್ಷಕ್ಕೆ 72.5 ಕೋಟಿ ಯೂರೋ ಘೋಷಿಸಿತು. ಆದರೆ ಆ ಶೇಕಡಾ 7 ಬರುವುದೂ ಅದೇ ಲೈಸೆನ್ಸಿನಿಂದಲ್ವಾ? ಡಬ್ಲಿನ್ನಿನಲ್ಲಿ ಯಾರೋ ಮಾಡಿದ ಲೆಕ್ಕಕ್ಕೆ ಕೋಟು ಹಾಕಿಕೊಂಡು ಕೂತ ಮೇಷ್ಟ್ರು ದಂಡ ಕಟ್ಟಬೇಕು. ಲೈಸೆನ್ಸನ್ನೇ ತೆಗೆದು ನೇರ ಬೊಕ್ಕಸದಿಂದ ಕೊಡಿ ಅಂತ ಮಾಧ್ಯಮದ ಭವಿಷ್ಯ ನೋಡೋಕೆ ನೇಮಿಸಿದ ಬೇರೊಂದು ಆಯೋಗ 2022ರಲ್ಲೇ ಹೇಳಿತ್ತು. ಅದರ 50 ಶಿಫಾರಸುಗಳಲ್ಲಿ ಸರ್ಕಾರ ತಳ್ಳಿಹಾಕಿದ್ದು ಒಂದನ್ನು, ಅದನ್ನೇ!

ಖಾಸಗಿಯವರಿಗೆ ಯಾಕೆ ಜನರ ದುಡ್ಡು ಅಂತ ಕೇಳುವ ಗೆಳೆಯರಿದ್ದಾರೆ. ನ್ಯಾಯವಾದ ಪ್ರಶ್ನೆ. ಟುಡೇ ಎಫ್‌ಎಂ, ನ್ಯೂಸ್‌ಟಾಕ್ ಅನ್ನುವ ಖಾಸಗಿ ರೇಡಿಯೊಗಳು ಈಗ ಜರ್ಮನಿಯ ಬಾವರ್ ಕಂಪನಿಯವು. ಅಂಥವರ ಲಾಭಕ್ಕೆ ನನ್ನ 11 ಯೂರೋ ಸೇರುವುದು ನನಗೂ ಇಷ್ಟವಿಲ್ಲ. ಆದರೆ ಕೌನ್ಸಿಲ್ ಸಭೆಗೆ ವರದಿಗಾರ ಹೋಗಿ ಕೂತ ಗಂಟೆಗಳಿಗೆ, ಊರಿನ ಕೋರ್ಟಿನ ವರದಿಗೆ ಅಂತ ಲೆಕ್ಕ ಹಾಕಿ ಕೊಡಬಹುದು. 2024ರಲ್ಲಿ ಮಾಧ್ಯಮ ಆಯೋಗ ಇಂಥ ಎರಡು ಯೋಜನೆ ತಂದಿದೆ. ಹಾದಿ ಇದೇ ಅಂತ ನನಗೆ ಅನ್ನಿಸುತ್ತೆ. ಸಮುದಾಯ ರೇಡಿಯೊಗಳಿಗೆ ಮಾತ್ರ ವರ್ಷಕ್ಕಿಷ್ಟು ಅಂತ ಖಚಿತವಾಗಿ ಕೊಟ್ಟುಬಿಡಿ, ಅರ್ಜಿ ಬೇಡ, ಬಾಡಿಗೆಗೆ, ಹೀಟರಿಗೆ, ಒಬ್ಬರ ಸಂಬಳಕ್ಕೆ. ಲೆಕ್ಕ ಕೇಳಿ, ಬೇಡ ಅನ್ನಲ್ಲ.

ನಮ್ಮ ಕಡೆ ಪರಿಸ್ಥಿತಿ ಇನ್ನೂ ಬಿಗಿ. ಸರಗೂರಿನ ಜನಧ್ವನಿಯಂಥ ಸಮುದಾಯ ರೇಡಿಯೊ ತನ್ನ ಊರಿನ ಸುದ್ದಿಯನ್ನು ಸುದ್ದಿ ಅಂತ ಓದುವ ಹಾಗೇ ಇಲ್ಲ, ಆಕಾಶವಾಣಿಯ ಬುಲೆಟಿನ್ ಮರುಪ್ರಸಾರ ಮಾಡಬಹುದು, ಅಷ್ಟೆ. ಆ ಸಿಟ್ಟು ಇನ್ನೊಂದು ದಿನಕ್ಕಿರಲಿ.

ನಿನ್ನೆ ಹೋಗಿ ಲೈಸೆನ್ಸ್ ಕಟ್ಟಿ ಬಂದೆ. ನಮ್ಮೂರ ಪೋಸ್ಟಾಫೀಸು ಅಂಗಡಿಯ ಒಂದು ಮೂಲೆಯಲ್ಲಿದೆ. ಕೌಂಟರಿನವರು ನನ್ನ ಕಾರ್ಡ್ ತೆಗೆದುಕೊಂಡು ಮಿಷನ್ನಿಗೆ ಹಾಕುವಷ್ಟರಲ್ಲಿ ಹಿಂದಿನ ಶೆಲ್ಫಿನ ಮೇಲಿದ್ದ ರೇಡಿಯೊದಲ್ಲಿ ಹಾಡು ನಿಂತು ಆ ಗಂಭೀರ ದನಿ ಶುರುವಾಯಿತು. ಅವರ ಕೈ ನಿಂತಿತು. ಸರದಿಯಲ್ಲಿದ್ದ ನಾಲ್ಕು ಜನರೂ ಗಪ್‌ಚಿಪ್. ಐದು ಹೆಸರು ಓದಿದರು. ಮೂರನೆಯದಕ್ಕೆ ನನ್ನ ಹಿಂದಿದ್ದವರು "ಅಯ್ಯೋ, ಅವರಾ" ಅಂದರು. ಪೂಜೆ ಎಷ್ಟು ಗಂಟೆಗೆ ಅಂದರು ಅಂತ ನನ್ನನ್ನೇ ಕೇಳಿದರು. ಹನ್ನೊಂದಕ್ಕೆ ಅಂತ ಹೇಳಿದೆ. ಆಮೇಲೆ ಮಿಷನ್ನಿನಿಂದ ರಸೀದಿ ಬಂತು.